ಈ ದೋಷ ಯಾರದು? ನೂರಾರು ಕ್ಲಿಪ್‌ಗಳ ಬಣ್ಣವನ್ನು ಪ್ಯಾನಲ್ ಹಿಡಿದು ಒಟ್ಟಿಗೆ ತಿದ್ದುವ ಬಗೆ

ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಮದುವೆ ಮಾಡುವುದು ಈಗ ರೂಢಿಗೆ ಬಂದಿದೆ. ಊಟ ಚೆನ್ನಾಗಿರುತ್ತದೆ, ಹಿನ್ನೆಲೆ ಚೆನ್ನಾಗಿರುತ್ತದೆ, ಫೋಟೋಗಳಂತೂ ಇನ್ನೂ ಚೆನ್ನಾಗಿರುತ್ತವೆ. ಆಮೇಲೆ ವಿಡಿಯೋ ಎಡಿಟ್ ಮಾಡಲು ಕೂರುವವರ ಪಾಡೇ ಬೇರೆ. ಬೆಳಿಗ್ಗೆ ಏಳು ಗಂಟೆಗೆ ಮಂಜು, ಎಲ್ಲವೂ ನೀಲಿ ಮಿಶ್ರಿತ ಬೂದು. ಒಂಬತ್ತರ ಹೊತ್ತಿಗೆ ಸಿಲ್ವರ್ ಮರಗಳ ಸಂದಿಯಿಂದ ಬಿಸಿಲಿನ ಪಟ್ಟೆಗಳು. ಮುಹೂರ್ತದ ವೇಳೆಗೆ ಸುತ್ತಲಿನ ಎಲೆಗಳಿಂದ ಪುಟಿದ ಬೆಳಕು ಮದುಮಗಳ ಕೆನ್ನೆಯ ನೆರಳಿನ ಭಾಗಕ್ಕೆ ತೆಳುವಾಗಿ ಹಸಿರು ಬಳಿದಿರುತ್ತದೆ. ಊಟದ ಪಂಕ್ತಿಯ ಮೇಲೆ ಕೆಂಪು ಶಾಮಿಯಾನ. ಅದರಡಿ ಕೂತ ಎಲ್ಲರ ಮುಖವೂ ಕೆಂಪು, ಅನ್ನವೂ ಕೆಂಪು. ಇದನ್ನೆಲ್ಲ ಹಿಡಿದಿರುವುದು ಬೇರೆ ಬೇರೆ ಕಂಪನಿಯ ಮೂರು ಕ್ಯಾಮೆರಾ, ಜೊತೆಗೊಂದು ಡ್ರೋನ್.

ಒಂದೊಂದೇ ಕ್ಲಿಪ್ ತೆಗೆದು ನೋಡಿದರೆ ತಕರಾರು ಕಾಣುವುದಿಲ್ಲ. ಕಣ್ಣು ಯಾವ ಬಣ್ಣದ ಬೆಳಕಿಗಾದರೂ ಬೇಗ ಒಗ್ಗಿಕೊಂಡುಬಿಡುತ್ತದೆ, ಹಸಿರು ಛಾಯೆಯೂ ಸ್ವಲ್ಪ ಹೊತ್ತಿನಲ್ಲಿ ಸಹಜವೆನಿಸುತ್ತದೆ. ಎರಡು ಕ್ಲಿಪ್‌ಗಳನ್ನು ಪಕ್ಕಪಕ್ಕ ಜೋಡಿಸಿದಾಗಲೇ ಜಗಳ ಶುರು. ಎದುರಿನ ಕ್ಯಾಮೆರಾದಲ್ಲಿ ಮದುಮಗನ ಪಂಚೆ ಬಿಳಿ, ಬದಿಯ ಕ್ಯಾಮೆರಾದಲ್ಲಿ ಅದೇ ಪಂಚೆ ಕೆನೆ ಬಣ್ಣ. ಹೀಗಾಗಿ ಬಣ್ಣದ ಕೆಲಸವೆಂದರೆ ಮೊದಲು ಒಂದಕ್ಕೊಂದು ಹೊಂದಿಸುವುದು, ಚಂದ ಮಾಡುವುದು ಆಮೇಲೆ. ಹೊಂದಿಸುವ ಕೆಲಸವನ್ನು ನೂರಾರು ಕ್ಲಿಪ್‌ಗಳಿಗೆ ಒಂದೊಂದಾಗಿ ಮಾಡುತ್ತ ಕೂತರೆ ದಂಪತಿಗಳು ಮಗುವಿನ ನಾಮಕರಣಕ್ಕೆ ಕರೆಯಲು ಬರುವಾಗಲೂ ಮದುವೆಯ ವಿಡಿಯೋ ಸಿದ್ಧವಾಗಿರುವುದಿಲ್ಲ.

ಈ ಕಷ್ಟಕ್ಕೆ ಮದ್ದೆಂದು ಅನೇಕರು ಮೊದಲು ಕೈಹಾಕುವುದು ಬಣ್ಣದ ಪ್ಯಾನಲ್‌ಗೆ: ಮೂರು ಚೆಂಡು, ಸುತ್ತ ಉಂಗುರ, ಮೇಲೆ ಸಾಲಾಗಿ ನಾಬ್‌ಗಳಿರುವ ಪೆಟ್ಟಿಗೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸ್ಟುಡಿಯೋ ನಡೆಸುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಇದನ್ನು ತೆಗೆದುಕೊಂಡರೆ ಎಲ್ಲ ಕ್ಲಿಪ್‌ಗಳಿಗೂ ಒಟ್ಟಿಗೆ ಬಣ್ಣ ಹಾಕಬಹುದಾ ಸರ್?" ಹಾಕಬಹುದು. ಆದರೆ ಒಟ್ಟಿಗೆ ಹಾಕುವ ಕೆಲಸ ಪ್ಯಾನಲ್‌ನದಲ್ಲ, ತಂತ್ರಾಂಶದ್ದು. ಅದಕ್ಕಿಂತ ಹೆಚ್ಚಾಗಿ, ಚೆಂಡು ತಿರುಗಿಸುವ ಮುನ್ನ ನಾವು ಮಾಡುವ ವಿಂಗಡಣೆಯದು.

ಪೆಟ್ಟಿಗೆಯೊಳಗೆ ಏನಿಲ್ಲ

ಪ್ಯಾನಲ್ ಚಿತ್ರವನ್ನು ಮುಟ್ಟುವುದಿಲ್ಲ. ಚೆಂಡು ಎಷ್ಟು, ಯಾವ ಕಡೆಗೆ ಉರುಳಿತು ಎಂಬ ಸಂಖ್ಯೆಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ, ಅಷ್ಟೇ. ಲೆಕ್ಕ ಮಾಡುವುದು ತಂತ್ರಾಂಶ, ಬೆವರು ಸುರಿಸುವುದು ಗ್ರಾಫಿಕ್ಸ್ ಕಾರ್ಡ್. ಪ್ಯಾನಲ್‌ನಿಂದ ಮಾಡಬಹುದಾದ ಬಣ್ಣದ ತಿದ್ದುಪಡಿಯನ್ನೆಲ್ಲ ಮೌಸ್‌ನಿಂದಲೂ ಮಾಡಬಹುದು.

ಹಾಗಿದ್ದರೆ ಅದೇಕೆ ಬೇಕು? ಮೌಸ್‌ಗೆ ಇರುವುದು ಒಂದೇ ತುದಿ, ನಮಗೆ ಇರುವುದು ಎರಡು ಕೈ. ಎಡಗಡೆಯ ಚೆಂಡು ಲಿಫ್ಟ್, ಎಂದರೆ ಚಿತ್ರದ ಕಪ್ಪು, ಗಾಢ ಭಾಗಗಳು. ನಡುವಿನದು ಗಾಮಾ, ಮಧ್ಯದ ಹೊಳಪು. ಮುಖಗಳು ಬಹುಪಾಲು ಬೀಳುವುದು ಇಲ್ಲಿಯೇ. ಬಲಗಡೆಯದು ಗೇನ್, ಬೆಳಕಿನ ಭಾಗಗಳು. ಚೆಂಡನ್ನು ಯಾವ ಬಣ್ಣದ ದಿಕ್ಕಿಗೆ ಉರುಳಿಸುತ್ತೇವೋ ಆ ಬಣ್ಣ ಹೆಚ್ಚುತ್ತದೆ, ಎದುರು ದಿಕ್ಕಿನದು ಇಳಿಯುತ್ತದೆ. ಸುತ್ತಲಿನ ಉಂಗುರ ತಿರುಗಿಸಿದರೆ ಆ ಭಾಗದ ಹೊಳಪು ಏರುತ್ತದೆ ಅಥವಾ ಇಳಿಯುತ್ತದೆ. ಈ ಮೂರು ಭಾಗಗಳ ನಡುವೆ ಗೋಡೆಯಿಲ್ಲ, ಒಂದರ ಪ್ರಭಾವ ಇನ್ನೊಂದರೊಳಗೆ ಹರಿಯುತ್ತದೆ. ಕೆನ್ನೆಯ ನೆರಳಿನ ಹಸಿರು ತೆಗೆಯಲು ಲಿಫ್ಟ್ ಮತ್ತು ಗಾಮಾ ಚೆಂಡುಗಳನ್ನು ಕೆನ್ನೇರಳೆಯ ಕಡೆಗೆ ತಳ್ಳಿದರೆ ಪಂಚೆಯ ಬಿಳಿಗೂ ಒಂದಿಷ್ಟು ನೇರಳೆ ತಗುಲುತ್ತದೆ. ಆಗಲೇ ಬಲಗೈಯಲ್ಲಿ ಗೇನ್ ಚೆಂಡನ್ನು ತುಸು ಹಿಂದಕ್ಕೆ ತರಬೇಕು. ಮೌಸ್ ಹಿಡಿದವರು ಮೊದಲು ಇದು, ಆಮೇಲೆ ಅದು, ಮತ್ತೆ ಇದು ಎಂದು ಓಡಾಡುತ್ತಿರುತ್ತಾರೆ. ಅಷ್ಟರಲ್ಲಿ ಕಣ್ಣು ತಪ್ಪು ಬಣ್ಣಕ್ಕೆ ಒಗ್ಗಿಕೊಂಡಾಗಿರುತ್ತದೆ. ಪ್ಯಾನಲ್ ಹಿಡಿದವರು ಎರಡನ್ನೂ ಒಮ್ಮೆಗೇ ಮಾಡುತ್ತಾರೆ, ನೋಟ ಚಿತ್ರದ ಮೇಲಿಂದ ಕದಲುವುದಿಲ್ಲ. ಪ್ಯಾನಲ್‌ನ ಬೆಲೆ ನ್ಯಾಯವಾಗುವುದು ಈ ಒಂದು ಕಾರಣಕ್ಕೆ.

ಹಿಂದೆ ಇಂಥ ಸಲಕರಣೆ ದೊಡ್ಡ ಊರಿನ ದೊಡ್ಡ ಲ್ಯಾಬ್‌ಗಳ ಸೊತ್ತಾಗಿತ್ತು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ, ಬಣ್ಣ ತಿದ್ದುವ ಯಂತ್ರಗಳನ್ನು ಮಾಡುತ್ತಿದ್ದ ಡಾವಿಂಚಿ ಸಿಸ್ಟಮ್ಸ್ ಅನ್ನು ಕೊಂಡುಕೊಂಡಿತು. ಲಕ್ಷಾಂತರ ಡಾಲರಿನ ಯಂತ್ರದೊಳಗಿದ್ದ ತಂತ್ರಾಂಶ 2010ರಲ್ಲಿ 995 ಡಾಲರಿಗೆ ಸಿಗತೊಡಗಿತು, ಮರುವರ್ಷ ಅದರ ಉಚಿತ ಆವೃತ್ತಿಯೂ ಬಂತು. ಅದೇ ಇಂದಿನ ಡಾವಿಂಚಿ ರಿಸಾಲ್ವ್. 2017ರಲ್ಲಿ ಮೇಜಿನ ಮೇಲೆ ಕೂರುವ ಮೈಕ್ರೋ ಮತ್ತು ಮಿನಿ ಪ್ಯಾನಲ್‌ಗಳು ಬಂದವು, 2024ರಲ್ಲಿ ಇನ್ನೂ ಚಿಕ್ಕದಾದ, ಐಪ್ಯಾಡ್ ನಿಲ್ಲಿಸಲು ಸಂದಿಯಿರುವ ಮೈಕ್ರೋ ಕಲರ್ ಪ್ಯಾನಲ್. ಬ್ರಿಟನ್ನಿನ ಟ್ಯಾಂಜೆಂಟ್ ಕಂಪನಿಯ ರಿಪಲ್, ವೇವ್, ಎಲಿಮೆಂಟ್ ಪ್ಯಾನಲ್‌ಗಳು ರಿಸಾಲ್ವ್ ಅಲ್ಲದೆ ಬೇರೆ ತಂತ್ರಾಂಶಗಳ ಜೊತೆಗೂ ಕೆಲಸ ಮಾಡುತ್ತವೆ. ಮುಂದಿನದ್ದೆಲ್ಲ ರಿಸಾಲ್ವ್ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಕಡೆ ಹೆಚ್ಚು ಜನರ ಕೈಯಲ್ಲಿರುವುದು ಅದೇ.

ಚೆಂಡು ತಿರುಗಿಸುವ ಮುನ್ನ

ಪರದೆಯ ಮೇಲೆ ಒಂದು ಕ್ಲಿಪ್ ಕೆಟ್ಟದಾಗಿ ಕಂಡರೆ ಕೈ ತಾನಾಗಿ ಚೆಂಡಿನ ಕಡೆಗೆ ಹೋಗುತ್ತದೆ. ಅಲ್ಲಿ ಕೈಯನ್ನು ತಡೆದು ಕೇಳಬೇಕಾದ ಪ್ರಶ್ನೆ: ಈ ದೋಷ ಯಾರದು?

ಕ್ಯಾಮೆರಾದ್ದಾಗಿರಬಹುದು. ಆ ಕ್ಯಾಮೆರಾ ಹಿಡಿದದ್ದೆಲ್ಲ ತುಸು ಹಳದಿ ಎಂದಾದರೆ, ಆ ದೋಷ ಮಂಜಿನಲ್ಲೂ ಇರುತ್ತದೆ, ಧಾರೆಯಲ್ಲೂ ಇರುತ್ತದೆ, ಊಟದಲ್ಲೂ ಇರುತ್ತದೆ. ಬೆಳಕಿನದ್ದಾಗಿರಬಹುದು. ಶಾಮಿಯಾನದ ಕೆಂಪು ಅದರಡಿ ತೆಗೆದ ಎಲ್ಲ ಕ್ಯಾಮೆರಾಗಳಲ್ಲೂ ಇರುತ್ತದೆ, ಹೊರಗೆ ಬಂದೊಡನೆ ಮಾಯ. ಆ ಒಂದು ಶಾಟ್‌ನದ್ದೇ ಆಗಿರಬಹುದು: ಕ್ಯಾಮೆರಾದ ಹುಡುಗ ಅಪರ್ಚರ್ ಬದಲಿಸುವಷ್ಟರಲ್ಲಿ ತಾಳಿ ಕಟ್ಟಿಯಾಗಿದೆ, ಆ ನಾಲ್ಕು ಸೆಕೆಂಡು ಮಾತ್ರ ಕತ್ತಲು. ಕೊನೆಯದಾಗಿ, ಅದು ದೋಷವೇ ಅಲ್ಲ, ನಮ್ಮ ಅಭಿರುಚಿ. ಇಡೀ ವಿಡಿಯೋ ಇನ್ನೊಂದಿಷ್ಟು ಬೆಚ್ಚಗಿರಲಿ ಎಂಬ ಆಸೆ.

ತಿದ್ದುಪಡಿ ಎಷ್ಟು ಕ್ಲಿಪ್‌ಗಳಿಗೆ ಹರಡಬೇಕು ಎಂಬುದು ಈ ಉತ್ತರದಿಂದಲೇ ನಿಶ್ಚಯವಾಗುತ್ತದೆ. ಕಾಫಿಗೆ ಸಕ್ಕರೆಯನ್ನು ಪಾತ್ರೆಗೆ ಹಾಕುವುದೋ ಲೋಟಕ್ಕೆ ಹಾಕುವುದೋ ಎಂಬ ಪ್ರಶ್ನೆಯಿದು. ಎಲ್ಲರಿಗೂ ಬೇಕಾದದ್ದನ್ನು ಪಾತ್ರೆಗೆ ಹಾಕಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಸಕ್ಕರೆ ಕಾಯಿಲೆಯ ಮಾವನವರೊಬ್ಬರು ಬಂದಿದ್ದಾರೆಂದರೆ, ಪಾತ್ರೆಗೆ ಹಾಕಿದ್ದನ್ನು ಅವರ ಲೋಟದಿಂದ ತೆಗೆಯಲಾಗುವುದಿಲ್ಲ.

ರಿಸಾಲ್ವ್‌ನಲ್ಲಿ ಇದಕ್ಕೆಂದೇ ನಾಲ್ಕು ಹಂತಗಳಿವೆ. ಕೆಲವು ಕ್ಲಿಪ್‌ಗಳನ್ನು ಆರಿಸಿ ಒಂದು ಗುಂಪು ಮಾಡಿದರೆ, ಬಣ್ಣದ ಪುಟದಲ್ಲಿ ಪ್ರೀ-ಕ್ಲಿಪ್, ಕ್ಲಿಪ್, ಪೋಸ್ಟ್-ಕ್ಲಿಪ್, ಟೈಮ್‌ಲೈನ್ ಎಂದು ನಾಲ್ಕು ನೆಲೆಗಳು ಸಿಗುತ್ತವೆ. ಚಿತ್ರ ಇದೇ ಕ್ರಮದಲ್ಲಿ ಒಂದರ ನಂತರ ಒಂದನ್ನು ದಾಟಿ ಪರದೆಗೆ ಬರುತ್ತದೆ. ಪ್ರೀ-ಕ್ಲಿಪ್ ಮತ್ತು ಪೋಸ್ಟ್-ಕ್ಲಿಪ್‌ನಲ್ಲಿ ಮಾಡಿದ್ದು ಗುಂಪಿನ ಎಲ್ಲ ಸದಸ್ಯರಿಗೂ ಆಗುತ್ತದೆ. ಕ್ಲಿಪ್ ನೆಲೆಯಲ್ಲಿ ಮಾಡಿದ್ದು ಆ ಒಂದಕ್ಕೆ ಮಾತ್ರ. ಟೈಮ್‌ಲೈನ್ ನೆಲೆಯದು ಇಡೀ ವಿಡಿಯೋಗೆ. ಪ್ಯಾನಲ್ ಈಗ ಯಾವ ನೆಲೆಯಲ್ಲಿದೆಯೋ ಅದನ್ನೇ ಚೆಂಡು ಆಳುತ್ತದೆ. ಗುಂಪಿನ ನೆಲೆಯಲ್ಲಿದ್ದಾಗ ಒಂದು ಕ್ಲಿಪ್ ನೋಡುತ್ತ ಗೇನ್ ಉಂಗುರ ತಿರುಗಿಸಿದರೆ, ಕಾಣದ ಐವತ್ತು ಕ್ಲಿಪ್‌ಗಳೂ ಅದೇ ಕ್ಷಣದಲ್ಲಿ ಬೆಳಗುತ್ತವೆ. ಅನುಕೂಲವೂ ಅದೇ, ಅಪಾಯವೂ ಅದೇ. ಚೆಂಡಿಗೆ ನೆಲೆ ಯಾವುದೆಂದು ತಿಳಿಯದು, ಬೆರಳಿಗೂ ತಿಳಿಯದು. ಒಂದು ಕ್ಲಿಪ್‌ಗೆಂದು ಮಾಡಿದ್ದು ಗುಂಪಿಗೆಲ್ಲ ಹರಡಿದ್ದು ಎಷ್ಟೋ ಸಲ ಗೊತ್ತಾಗುವುದು ಅರ್ಧ ಗಂಟೆಯ ನಂತರ. ನೆಲೆ ಬದಲಿಸಿದಾಗಲೆಲ್ಲ ನೆಲೆಯ ಹೆಸರು ಕಾಣುವ ಪರದೆಯ ಮೂಲೆಯನ್ನು ಒಮ್ಮೆ ನೋಡುವುದನ್ನು ಕೈಗೆ ಅಭ್ಯಾಸ ಮಾಡಿಸಬೇಕು, ಬಸ್ ಹತ್ತುವಾಗ ಬೋರ್ಡ್ ನೋಡುವುದಿಲ್ಲವೇ.

ಟೈಮ್‌ಲೈನ್ ನೆಲೆಯ ಬಗ್ಗೆ ಒಂದು ಎಚ್ಚರ: ಅದು ಶೀರ್ಷಿಕೆಗಳನ್ನೂ ಬಿಡುವುದಿಲ್ಲ. ಹಸಿರು ಕಡಿಮೆ ಮಾಡೋಣವೆಂದು ಅಲ್ಲಿ ಚೆಂಡು ಉರುಳಿಸಿದರೆ, ಬಂಗಾರದ ಅಕ್ಷರದಲ್ಲಿ ಬರೆಸಿದ ವಧೂವರರ ಹೆಸರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆ ನೆಲೆಯನ್ನು ನಾನು ಕೊನೆಯ ಒಂದು ಸಣ್ಣ ಸ್ಪರ್ಶಕ್ಕೆ ಮಾತ್ರ ಬಳಸುತ್ತೇನೆ, ಬಹಳಷ್ಟು ಸಲ ಬಳಸುವುದೇ ಇಲ್ಲ.

ಒಂದು ಕ್ಲಿಪ್, ಒಂದೇ ಗುಂಪು

ಇಲ್ಲಿಯವರೆಗೆ ಸರಳ. ತೊಡಕು ಬರುವುದು ಗುಂಪು ಮಾಡಲು ಹೊರಟಾಗ. ರಿಸಾಲ್ವ್‌ನಲ್ಲಿ ಒಂದು ಕ್ಲಿಪ್ ಒಂದೇ ಗುಂಪಿನಲ್ಲಿರಬಹುದು. ಬದಿಯ ಕ್ಯಾಮೆರಾದಲ್ಲಿ ತೆಗೆದ ಧಾರೆಯ ಕ್ಲಿಪ್ "ಬದಿಯ ಕ್ಯಾಮೆರಾ" ಗುಂಪಿಗೆ ಸೇರಬೇಕೋ, "ಧಾರೆ" ಗುಂಪಿಗೆ ಸೇರಬೇಕೋ? ಅದಕ್ಕೆ ಎರಡೂ ದೋಷಗಳಿವೆ. ಕ್ಯಾಮೆರಾದ ಹಳದಿ ಇದೆ, ಎಲೆಯ ಹಸಿರೂ ಇದೆ.

ಬಣ್ಣಗಾರರಲ್ಲಿ ಇದಕ್ಕೆ ಎರಡು ಪಂಥಗಳಿವೆ. ಮೊದಲನೆಯವರು ಕ್ಯಾಮೆರಾವಾರು ಗುಂಪು ಮಾಡುತ್ತಾರೆ. ಪ್ರೀ-ಕ್ಲಿಪ್‌ನಲ್ಲಿ ಆಯಾ ಕ್ಯಾಮೆರಾದ ಲಾಗ್ ಚಿತ್ರವನ್ನು (ಆಮೇಲೆ ತಿದ್ದಲೆಂದೇ ಮಂಕಾಗಿ ತೆಗೆದದ್ದು), ಸೋನಿಯದಾದರೆ ಎಸ್-ಲಾಗ್ 3, ಪ್ಯಾನಾಸೋನಿಕ್‌ನದಾದರೆ ವಿ-ಲಾಗ್, ಎಲ್ಲಕ್ಕೂ ಸಮಾನವಾದ ಒಂದು ಬಣ್ಣದ ವ್ಯವಸ್ಥೆಗೆ ತರುತ್ತಾರೆ. ಒಬ್ಬರೇ ಒಂದೇ ದಿನದಲ್ಲಿ, ಒಂದೇ ಬೆಳಕಿನಲ್ಲಿ ಶೂಟ್ ಮಾಡಿದ ಸಂದರ್ಶನದಂಥ ಕೆಲಸಕ್ಕೆ ಇದು ಸಾಕು. ಎರಡನೆಯವರು ದೃಶ್ಯವಾರು, ಎಂದರೆ ಬೆಳಕಿನ ಪ್ರಕಾರ ಗುಂಪು ಮಾಡುತ್ತಾರೆ: ಮಂಜು, ಧಾರೆ, ಶಾಮಿಯಾನ, ಸಂಜೆಯ ಆರತಕ್ಷತೆ.

ಮಲೆನಾಡಿನ ಮದುವೆಗೆ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕ್ಯಾಮೆರಾಗಿಂತ ಬೆಳಕು ಹೆಚ್ಚು ಹಟಮಾರಿ. ಕ್ಯಾಮೆರಾದ ದೋಷವನ್ನು ಆಗ ಶೇರ್ಡ್ ನೋಡ್ ಎಂಬ ಇನ್ನೊಂದು ದಾರಿಯಲ್ಲಿ ತಿದ್ದಬಹುದು. ನೋಡ್ ಎಂದರೆ ಒಂದು ತಿದ್ದುಪಡಿಯನ್ನು ಹಿಡಿದಿಡುವ ಚೌಕ. ಸಾಮಾನ್ಯ ನೋಡ್ ಆ ಕ್ಲಿಪ್‌ನ ಸ್ವಂತ. ಅದನ್ನು ಶೇರ್ಡ್ ನೋಡ್ ಎಂದು ಉಳಿಸಿದರೆ, ಬೇಕಾದ ಯಾವ ಕ್ಲಿಪ್‌ನಲ್ಲಾದರೂ, ಅದು ಯಾವ ಗುಂಪಿನಲ್ಲಿದ್ದರೂ, ಅದೇ ಚೌಕವನ್ನು ಇರಿಸಬಹುದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದುತ್ತದೆ. ಬದಿಯ ಕ್ಯಾಮೆರಾದ ಹಳದಿಯನ್ನು ತೆಗೆಯುವ ಶೇರ್ಡ್ ನೋಡ್ ಒಂದು ಮಾಡಿ, ಆ ಕ್ಯಾಮೆರಾದ ಎಲ್ಲ ಕ್ಲಿಪ್‌ಗಳ ಮೊದಲ ಸ್ಥಾನದಲ್ಲಿ ಕೂರಿಸಿ, ಬೀಗ ಹಾಕಿಬಿಡಿ. ಬೀಗ ಹಾಕಿದ ನೋಡ್‌ನ ಮೇಲೆ ಕೈತಪ್ಪಿ ಚೆಂಡು ಉರುಳಿದರೂ ಏನೂ ಆಗದು.

ಇನ್ನೊಂದು ಸೌಲಭ್ಯವಿದೆ, ಮದುವೆಯವರಿಗೆ ಹೇಳಿ ಮಾಡಿಸಿದಂಥದ್ದು, ಆದರೂ ಬಳಸುವವರು ಕಡಿಮೆ. ಎದುರಿನ ಕ್ಯಾಮೆರಾ ಟ್ರೈಪಾಡ್ ಮೇಲೆ ಕೂತು ಧಾರೆಯನ್ನು ಮುಕ್ಕಾಲು ಗಂಟೆ ನಿಲ್ಲಿಸದೆ ತೆಗೆದಿರುತ್ತದೆ. ಎಡಿಟ್‌ನಲ್ಲಿ ಅದು ಹತ್ತಾರು ತುಂಡುಗಳಾಗಿ ಹಂಚಿಹೋಗುತ್ತದೆ. ಬಣ್ಣದ ಆವೃತ್ತಿಯನ್ನು ಲೋಕಲ್ ಬದಲು ರಿಮೋಟ್ ಎಂದು ಇಟ್ಟರೆ, ಒಂದೇ ಮೂಲ ಫೈಲ್‌ನಿಂದ ಬಂದ ಎಲ್ಲ ತುಂಡುಗಳೂ ತಾವಾಗಿ ಒಂದೇ ಬಣ್ಣ ಹಂಚಿಕೊಳ್ಳುತ್ತವೆ. ಗುಂಪೂ ಬೇಡ, ನಕಲೂ ಬೇಡ.

ಮೂರು ಬಗೆಯ ಹರಡುವಿಕೆ

ಇನ್ನೊಂದು ಸನ್ನಿವೇಶ. ಗುಂಪು ಮಾಡಿಲ್ಲ, ಪ್ರತಿ ಕ್ಲಿಪ್‌ಗೂ ಬಿಡಿಯಾಗಿ ಬಣ್ಣ ಹಾಕಿಯಾಗಿದೆ. ಹುಡುಗಿಯ ಅಣ್ಣ ಬಂದು ನೋಡಿ, "ಊಟದ್ದು ಸ್ವಲ್ಪ ಕತ್ತಲಾಯಿತು ಅನಿಸುತ್ತದೆ, ಅಲ್ಲವೇ?" ಎನ್ನುತ್ತಾರೆ. ಈಗ ಒಂದು ಕ್ಲಿಪ್‌ನಲ್ಲಿ ಗೇನ್ ಏರಿಸಿ, ಆ ಬದಲಾವಣೆಯನ್ನು ಆರಿಸಿದ ಉಳಿದ ಕ್ಲಿಪ್‌ಗಳಿಗೆ ಹರಡಬೇಕು. ಇದಕ್ಕೆ ರಿಪಲ್ ಎನ್ನುತ್ತಾರೆ (ಟ್ಯಾಂಜೆಂಟ್ ಕಂಪನಿಯ ಪ್ಯಾನಲ್‌ನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ). ಹೇಗೆ ಹರಡಬೇಕು ಎಂಬುದರಲ್ಲಿ ಮೂರು ಆಯ್ಕೆಗಳಿವೆ. ಅವುಗಳ ವ್ಯತ್ಯಾಸ ತಿಳಿಯದೆ ಎಡವಿದವರೇ ಹೆಚ್ಚು, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ.

ಮೊದಲ ಕ್ಲಿಪ್‌ನ ಗೇನ್ 1.10 ಇತ್ತು, ಅದನ್ನು 1.15 ಮಾಡಿದೆವು. ಎರಡನೆಯ ಕ್ಲಿಪ್ ಮೂಲದಲ್ಲೇ ಕತ್ತಲಾಗಿದ್ದರಿಂದ ಅದರ ಗೇನ್ ಆಗಲೇ 1.25 ಇದೆ. ಇದ್ದದ್ದನ್ನು ಇದ್ದಂತೆ ಹರಡುವ ಆಯ್ಕೆಯಲ್ಲಿ ಎರಡನೆಯದೂ 1.15 ಆಗುತ್ತದೆ. ಬೆಳಗಿಸಲು ಹೊರಟವರು ಅದನ್ನು ಇನ್ನಷ್ಟು ಕತ್ತಲು ಮಾಡಿದ ಹಾಗಾಯಿತು. ವ್ಯತ್ಯಾಸವನ್ನು ಮಾತ್ರ ಹರಡುವ ಆಯ್ಕೆಯಲ್ಲಿ 0.05 ಕೂಡಿ 1.30 ಆಗುತ್ತದೆ. ಪ್ರಮಾಣವನ್ನು ಹರಡುವ ಆಯ್ಕೆಯಲ್ಲಿ, 1.10ರಿಂದ 1.15ಕ್ಕೆ ಎಂದರೆ ಶೇಕಡ ನಾಲ್ಕೂವರೆಯಷ್ಟು ಏರಿಕೆ, ಅದೇ ಲೆಕ್ಕದಲ್ಲಿ 1.25 ಸುಮಾರು 1.31 ಆಗುತ್ತದೆ.

ಆಗಲೇ ಹೊಂದಿಸಿಟ್ಟ ಕ್ಲಿಪ್‌ಗಳಿಗೆ ಕೊನೆಯ ಎರಡರಲ್ಲಿ ಒಂದು ಬೇಕು. ಗೇನ್ ಎಂಬುದು ಗುಣಾಕಾರವಾದ್ದರಿಂದ ಅದಕ್ಕೆ ಪ್ರಮಾಣವೇ ಹೆಚ್ಚು ನ್ಯಾಯ, ಲಿಫ್ಟ್‌ನಂಥ ಸೊನ್ನೆಯಿಂದ ಶುರುವಾಗುವ ಮೌಲ್ಯಗಳಿಗೆ ವ್ಯತ್ಯಾಸ ವಾಸಿ. ಸೊನ್ನೆಗೆ ಎಷ್ಟು ಶೇಕಡ ಸೇರಿಸಿದರೂ ಸೊನ್ನೆಯೇ ತಾನೆ. ಇನ್ನೂ ಯಾವ ಬಣ್ಣವನ್ನೂ ಹಾಕದ ಕ್ಲಿಪ್‌ಗಳಾದರೆ ಇದ್ದದ್ದನ್ನು ಇದ್ದಂತೆ ಹರಡುವ ಮೊದಲ ಆಯ್ಕೆಯೇ ಸರಿ. ಈ ಆಯ್ಕೆ ಇರುವುದು ಪ್ರಾಜೆಕ್ಟ್‌ನ ಸೆಟ್ಟಿಂಗ್‌ನಲ್ಲಿ. ಒಂದು ಪ್ರಾಜೆಕ್ಟ್‌ನಲ್ಲಿ ಚೆನ್ನಾಗಿ ನಡೆದದ್ದು ಮುಂದಿನದರಲ್ಲಿ ಎಡವಟ್ಟಾದರೆ ಮೊದಲು ಅಲ್ಲಿ ನೋಡಿ.

ರಿಪಲ್‌ಗೆ ಇನ್ನೊಂದು ಷರತ್ತಿದೆ. ಅದು ನೋಡ್‌ನ ಸ್ಥಾನ ನೋಡಿ ಹರಡುತ್ತದೆ, ಉದ್ದೇಶ ನೋಡಿ ಅಲ್ಲ. ಈ ಕ್ಲಿಪ್‌ನ ಮೂರನೆಯ ನೋಡ್ ಮುಖದ ಬಣ್ಣಕ್ಕಿದ್ದು, ಆ ಕ್ಲಿಪ್‌ನ ಮೂರನೆಯ ನೋಡ್ ಸೀರೆಯ ಕೆಂಪಿಗಿದ್ದರೆ, ಮುಖಕ್ಕೆ ಮಾಡಿದ್ದು ಸೀರೆಗೆ ಹೋಗುತ್ತದೆ. ಅದಕ್ಕೇ ಅನುಭವಸ್ಥರು ಎಲ್ಲ ಕ್ಲಿಪ್‌ಗಳಿಗೂ ಒಂದೇ ನಕ್ಷೆಯ ನೋಡ್ ಸರಣಿ ಇಡುತ್ತಾರೆ: ಮೊದಲನೆಯದು ಕ್ಯಾಮೆರಾ, ಎರಡನೆಯದು ಹೊಳಪು, ಮೂರನೆಯದು ಬಿಳಿಯ ಸಮತೋಲ, ನಾಲ್ಕನೆಯದು ಮುಖ, ಹೀಗೆ. ಬೇಡದ ಕಡೆ ಆ ನೋಡ್ ಖಾಲಿಯಿರಲಿ, ಚಿತ್ರಕ್ಕೆ ಅದರಿಂದ ಏನೂ ಆಗದು. ಪ್ಯಾನಲ್‌ನಲ್ಲಿ ಕೆಲಸ ಮಾಡುವವರಿಗಂತೂ ಈ ಶಿಸ್ತು ವರದಾನ. ಮುಂದಿನ ನೋಡ್ ಗುಂಡಿಯನ್ನು ಎರಡು ಸಲ ಒತ್ತಿದರೆ ಬಿಳಿಯ ಸಮತೋಲ ಎಂದು ಬೆರಳಿಗೇ ಗೊತ್ತಿರುತ್ತದೆ, ಕಣ್ಣು ತೆಗೆಯಬೇಕಿಲ್ಲ.

ಉಳಿದಂತೆ ಸ್ಟಿಲ್ (ಬಣ್ಣದ ತಿದ್ದುಪಡಿಯ ಸಮೇತ ಉಳಿಸಿದ ಒಂದು ಚಿತ್ರ) ಹಿಡಿದಿಟ್ಟು ಬೇರೆ ಕ್ಲಿಪ್‌ಗೆ ಅನ್ವಯಿಸುವುದು, ಮೌಸ್‌ನ ನಡುಗುಂಡಿಯಿಂದ ಬಣ್ಣ ನಕಲು ಮಾಡುವುದು, ಮೆಮೊರಿಗಳಿಗೆ ಅಕ್ಷರ ಕೊಟ್ಟು ಉಳಿಸುವುದು ಎಲ್ಲರಿಗೂ ಪರಿಚಿತ. ಇವು ಹಳೆಯ ಬಣ್ಣವನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕುತ್ತವೆ ಎಂಬುದೊಂದು ನೆನಪಿದ್ದರೆ ಸಾಕು. ಇದ್ದದ್ದನ್ನು ಉಳಿಸಿಕೊಂಡು ಒಂದು ನೋಡ್ ಮಾತ್ರ ಸೇರಿಸಬೇಕಾದರೆ, ಆರಿಸಿದ ಕ್ಲಿಪ್‌ಗಳಿಗೆ ನೋಡ್ ಸೇರಿಸುವ ಆಜ್ಞೆ ಮೆನುವಿನಲ್ಲೇ ಬೇರೆಯಾಗಿ ಇದೆ.

ಧಾರೆಯ ಒಂದು ದೃಶ್ಯ, ಹತ್ತಿರದಿಂದ

ಕೆಲಸ ನಡೆಯುವ ರೀತಿಯನ್ನು ಒಮ್ಮೆ ಪೂರ್ತಿ ನೋಡೋಣ. ಧಾರೆಯ ಗುಂಪಿನಲ್ಲಿ ಐವತ್ತರ ಹತ್ತಿರ ಕ್ಲಿಪ್‌ಗಳಿವೆ. ಅವುಗಳಲ್ಲಿ ಒಂದನ್ನು ಮುಖ್ಯ ಕ್ಲಿಪ್ ಎಂದು ಆರಿಸಬೇಕು. ಹೊಸಬರು ಚಂದದ ಕ್ಲೋಸಪ್ ಆರಿಸುತ್ತಾರೆ. ಬೇಡ. ವಧೂವರರು, ಪುರೋಹಿತರು, ಹಿಂದಿನ ತೋಟ, ಒಂದಿಷ್ಟು ಬಿಳಿ, ಒಂದಿಷ್ಟು ಕಪ್ಪು, ಎಲ್ಲವೂ ಇರುವ ಅಗಲ ಶಾಟ್ ಆರಿಸಿ. ಕಪ್ಪಿಗೆ ಯಾರದೋ ತಲೆಗೂದಲು ಇದ್ದೇ ಇರುತ್ತದೆ. ಬಿಳಿಗೆ ಪಂಚೆ ಇದೆ, ಆದರೆ ಪಂಚೆಯನ್ನು ಪೂರ್ತಿ ನಂಬುವ ಹಾಗಿಲ್ಲ. ನೀಲಿ ಹಾಕಿ ಒಗೆದ ಬಟ್ಟೆ, ಹೊಳಪು ಕೊಡುವ ಸಾಬೂನಿನ ಬಟ್ಟೆ ಹಗಲಿನ ಬೆಳಕಿನಲ್ಲಿ ನಿಜವಾಗಿಯೂ ತುಸು ನೀಲಿಯೇ. ಬಿಸಿಲಿನ ಅತಿನೇರಳೆ ಕಿರಣವನ್ನು ಆ ಸಾಬೂನಿನ ಅಂಶ ನೀಲಿಯಾಗಿ ಹೊಮ್ಮಿಸುತ್ತದೆ. ಅದನ್ನು ಅಪ್ಪಟ ಬಿಳಿ ಮಾಡಲು ಹೋದರೆ ಮುಖ ಹಳದಿಗೆ ತಿರುಗುತ್ತದೆ. ಶೂಟಿಂಗ್ ಆರಂಭದಲ್ಲಿ ಪ್ರತಿ ಕ್ಯಾಮೆರಾದ ಮುಂದೆಯೂ ಬೂದು ಕಾರ್ಡ್ ಹಿಡಿದು ಐದು ಸೆಕೆಂಡ್ ರೆಕಾರ್ಡ್ ಮಾಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಹೇಳುತ್ತಲೇ ಇರುತ್ತೇನೆ, ಹಿಡಿಯುವವರು ಅಪರೂಪ.

ಮುಖಕ್ಕೆ ವೆಕ್ಟರ್‌ಸ್ಕೋಪ್ ಇದೆ, ಎಂದರೆ ಚಿತ್ರದ ಬಣ್ಣ ಯಾವ ದಿಕ್ಕಿಗೆ ವಾಲಿದೆ ಎಂದು ತೋರಿಸುವ ದುಂಡು ನಕ್ಷೆ. ಅದರಲ್ಲಿ ಕೆಂಪು ಮತ್ತು ಹಳದಿಯ ನಡುವೆ ಚರ್ಮದ ಬಣ್ಣದ ಗೆರೆಯೊಂದನ್ನು ತೋರಿಸಬಹುದು. ಚರ್ಮ ಕಪ್ಪಿರಲಿ, ಬಿಳಿಯಿರಲಿ, ಹೊಳಪು ಬೇರೆಯಾದರೂ ಬಣ್ಣದ ದಿಕ್ಕು ಬಹುಮಟ್ಟಿಗೆ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಅರಿಶಿನ ಹಚ್ಚಿಕೊಂಡ ಮದುಮಗಳು ಮಾತ್ರ ಇದಕ್ಕೆ ಅಪವಾದ. ಅವಳ ಮುಖ ಗೆರೆಯಿಂದ ಹಳದಿಯ ಕಡೆಗೆ ಸರಿದಿರುವುದು ಸರಿಯಾದದ್ದೇ. ಅದನ್ನು ಗೆರೆಗೆ ಎಳೆದರೆ ಅರಿಶಿನವನ್ನು ತೊಳೆದಂತಾಗುತ್ತದೆ. ನಾನು ಗೆರೆಗೆ ಹೋಲಿಸುವುದು ಪಕ್ಕದಲ್ಲಿ ನಿಂತ ಸೋದರಮಾವನ ಮುಖವನ್ನು.

ಈಗ ಪೋಸ್ಟ್-ಕ್ಲಿಪ್ ನೆಲೆಗೆ ಹೋಗಿ, ಎಡಗೈಯಲ್ಲಿ ಲಿಫ್ಟ್, ಬಲಗೈಯಲ್ಲಿ ಗಾಮಾ. ಎರಡನ್ನೂ ಹಸಿರಿನಿಂದ ದೂರಕ್ಕೆ, ಕೂದಲಿನ ಕಪ್ಪು ಕಪ್ಪಾಗುವವರೆಗೆ ತರಬೇಕು. ಆಮೇಲೆ ಬಲಗೈ ಗೇನ್‌ಗೆ ಜಾರುತ್ತದೆ, ಪಂಚೆಯ ಬಿಳಿ ಹಿಂದಿರುಗುತ್ತದೆ. ಹಿನ್ನೆಲೆಯ ಗಿಡಗಳ ಹಸಿರು ಸ್ವಲ್ಪ ಮಂಕಾಗುತ್ತದೆ, ಆಗಲಿ. ಐವತ್ತು ಕ್ಲಿಪ್‌ಗಳೂ ಈಗ ಒಂದೇ ದಿಕ್ಕಿಗೆ ಸರಿದಿವೆ. ಮುಖ್ಯ ಕ್ಲಿಪ್‌ನ ಸ್ಟಿಲ್ ಹಿಡಿದು, ಕ್ಲಿಪ್ ನೆಲೆಗೆ ಇಳಿದು, ಮುಂದಿನ ಕ್ಲಿಪ್ ಗುಂಡಿ ಒತ್ತಿ. ಸ್ಟಿಲ್ ಅನ್ನು ಪರದೆಯ ಅರ್ಧಕ್ಕೆ ತಂದರೆ ಎಡಕ್ಕೆ ಮುಖ್ಯ ಕ್ಲಿಪ್, ಬಲಕ್ಕೆ ಈಗಿನದು. ವ್ಯತ್ಯಾಸವಿದ್ದರೆ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುವುದು, ಮುಂದಿನ ಗುಂಡಿ ಒತ್ತುವುದು. ಗುಂಪಿನ ಕೆಲಸ ಸರಿಯಾಗಿದ್ದರೆ ಬಹುತೇಕ ಕ್ಲಿಪ್‌ಗಳಿಗೆ ಏನೂ ಮಾಡಬೇಕಿರುವುದಿಲ್ಲ. ಪ್ರತಿ ಕ್ಲಿಪ್‌ನಲ್ಲೂ ಚೆಂಡನ್ನು ಅದೇ ದಿಕ್ಕಿಗೆ ತಳ್ಳುತ್ತಿದ್ದೀರಾದರೆ ಅದು ಬೆಳಕಿನ ದೋಷ, ನೀವು ತಪ್ಪು ನೆಲೆಯಲ್ಲಿದ್ದೀರಿ. ಕೈ ನಿಲ್ಲಿಸಿ ಗುಂಪಿಗೆ ಹೋಗಿ.

ಹಿಂದೆ ಹೋಗುವುದರಲ್ಲೂ ಒಂದು ಹಳ್ಳವಿದೆ. ಕ್ಲಿಪ್ ನೆಲೆಯಲ್ಲಿ ಸೀರೆಯ ಕೆಂಪನ್ನು ಮಾತ್ರ ಆರಿಸಿ ಬದಲಿಸಿದ್ದೀರಿ ಎನ್ನೋಣ. ಆಮೇಲೆ ಪ್ರೀ-ಕ್ಲಿಪ್‌ನಲ್ಲಿ ಹೊಳಪು ಏರಿಸಿದರೆ ಆ ಆಯ್ಕೆಗೆ ಸಿಗುವ ಕೆಂಪೇ ಬದಲಾಗುತ್ತದೆ. ಸೀರೆಯ ಅರ್ಧ ಹೊರಗುಳಿಯುತ್ತದೆ, ಇಲ್ಲವೇ ಕುಂಕುಮವೂ ಒಳಗೆ ಬರುತ್ತದೆ. ಪೋಸ್ಟ್-ಕ್ಲಿಪ್‌ನಲ್ಲಿ ಮಾಡಿದ್ದಕ್ಕೆ ಈ ತೊಂದರೆ ಇಲ್ಲ, ಅದು ಆಯ್ಕೆಯಾದ ನಂತರ ಬರುತ್ತದೆ. ಪ್ರೀ-ಕ್ಲಿಪ್ ಅನ್ನು ಮೊದಲೇ ಮುಗಿಸಿ ಮತ್ತೆ ಮುಟ್ಟದಿರುವುದು ಒಳ್ಳೆಯದು.

ಗುಂಪು ಸೋಲುವ ಜಾಗ

ಇದೇ ಲೆಕ್ಕವನ್ನು ಹಾಸನ ಜಿಲ್ಲೆಯ ದೇವಾಲಯಗಳ ವಿಡಿಯೋಗೆ ಹಿಡಿದುಕೊಂಡು ಹೋದರೆ ನಿಲ್ಲುವುದಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಸೋಮನಾಥಪುರದ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿನ ವಿಡಿಯೋಗಳಿಗೆ ಬೇಡಿಕೆ ಹೆಚ್ಚಿದೆ. ಹೊಯ್ಸಳರು ಬಳಸಿದ್ದು ಮೆದುವಾದ ಬಳಪದ ಕಲ್ಲು. ಅದು ಬೂದು, ಒಳಗೊಂದು ತೆಳು ಹಸಿರು. ಈ ಹಸಿರು ದೋಷವಲ್ಲ, ಕಲ್ಲಿನ ಸ್ವಂತದ್ದು. ಮದುವೆಯ ಅಭ್ಯಾಸದಲ್ಲಿ ಅದನ್ನೂ ತೆಗೆದು, ಬೆಚ್ಚಗೆ ಮಾಡಿಬಿಟ್ಟರೆ ಹಳೇಬೀಡು ಯಾವುದೋ ಮರಳುಗಲ್ಲಿನ ಗುಡಿಯಾಗುತ್ತದೆ. ಹೊರಗೋಡೆಯ ಆನೆ, ಕುದುರೆಗಳ ಸಾಲಿನ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುವಾಗ ಮೋಡ ಸರಿದು ಬಿಸಿಲು ಬಂದರೆ, ಒಂದೇ ಕ್ಲಿಪ್‌ನ ಮೊದಲರ್ಧ ಒಂದು ಬೆಳಕು, ಉಳಿದರ್ಧ ಇನ್ನೊಂದು. ಆ ಕ್ಲಿಪ್ ಯಾವ ಗುಂಪಿಗೂ ನಿಷ್ಠವಲ್ಲ. ಅಲ್ಲಿ ಕೀಫ್ರೇಮ್, ಎಂದರೆ ಇಂಥ ಕ್ಷಣದಲ್ಲಿ ಇಂಥ ತಿದ್ದುಪಡಿ ಎಂಬ ಗುರುತು ಇಟ್ಟು, ಬಿಸಿಲು ಬರುವ ವೇಗದಲ್ಲೇ ತಿದ್ದುಪಡಿಯೂ ಬದಲಾಗುವಂತೆ ಮಾಡಬೇಕು. ಪ್ಯಾನಲ್ ಇದ್ದರೂ ಅದು ಸಾವಕಾಶದ ಕೆಲಸ.

ಕಾಫಿ ಹೂವಿನದು ಮತ್ತೊಂದು ಬಗೆಯ ಸೋಲು. ಮಾರ್ಚ್, ಏಪ್ರಿಲ್‌ನ ಹೂಮಳೆಯ ನಂತರ ತೋಟ ಕೆಲವೇ ದಿನ ಬೆಳ್ಳಗಿರುತ್ತದೆ. ಆ ಬಿಳಿ ಕ್ಯಾಮೆರಾದಲ್ಲೇ ಸುಟ್ಟುಹೋಗಿದ್ದರೆ ಗೇನ್ ಇಳಿಸಿದಾಗ ಹೂವಿನ ಎಸಳು ಮರಳುವುದಿಲ್ಲ, ಬಿಳಿ ಬೂದಾಗುತ್ತದೆ ಅಷ್ಟೇ. 8 ಬಿಟ್‌ನಲ್ಲಿ ತೆಗೆದದ್ದಾದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಗುಂಪಿನ ನೆಲೆಯಲ್ಲಿ ಜೋರಾಗಿ ಎಳೆದದ್ದು 10 ಬಿಟ್ ಕ್ಯಾಮೆರಾದ ಆಕಾಶದಲ್ಲಿ ನಯವಾಗಿ ಕಂಡು, ಅದೇ ಗುಂಪಿನ 8 ಬಿಟ್ ಡ್ರೋನ್‌ನ ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುವುದು ಇದರಿಂದಲೇ. ಡ್ರೋನ್ ಅನ್ನು ಬೇರೆ ಗುಂಪಿನಲ್ಲಿಡಿ.

ಕೊಳ್ಳುವ ಮಾತು

ಪ್ಯಾನಲ್ ಕೊಳ್ಳಬೇಕೇ ಎಂದು ಕೇಳಿದರೆ ನಾನು ಮೊದಲು ಕೇಳುವುದು ಮಾನಿಟರ್ ಯಾವುದು, ಅದನ್ನು ಕ್ಯಾಲಿಬ್ರೇಟ್ ಮಾಡಿಸಿದ್ದೀರಾ, ಎಂದರೆ ಬಣ್ಣ ಸರಿಯಾಗಿ ತೋರಿಸುವಂತೆ ಅಳೆದು ಹೊಂದಿಸಿದ್ದೀರಾ ಎಂದು. ಮಾನಿಟರ್ ನೀಲಿ ತೋರಿಸುತ್ತಿದ್ದರೆ, ಒಳ್ಳೆಯ ಪ್ಯಾನಲ್‌ನಿಂದ ಇಡೀ ಮದುವೆಯನ್ನು ಬಹಳ ಬೇಗ, ಬಹಳ ಸಮನಾಗಿ ಹಳದಿ ಮಾಡಬಹುದು. ಎರಡನೆಯದು ಕೋಣೆ. ಗುಲಾಬಿ ಗೋಡೆ, ನೆತ್ತಿಯ ಮೇಲೆ ಹಳದಿ ಬಲ್ಬ್ ಇರುವಲ್ಲಿ ಕಣ್ಣು ನ್ಯಾಯ ಹೇಳಲಾರದು. ಪರದೆಯ ಹಿಂದಿನ ಗೋಡೆಗೆ ಬೂದು ಬಳಿದು, 6500 ಕೆಲ್ವಿನ್‌ನ ಮಂದ ದೀಪ ಹಾಕುವುದಕ್ಕೆ ಪ್ಯಾನಲ್‌ನ ಬೆಲೆಯ ಸಣ್ಣ ಪಾಲೂ ಆಗುವುದಿಲ್ಲ. ಮೂರನೆಯದು ಯುಪಿಎಸ್, ಮಳೆಗಾಲದ ಮಲೆನಾಡಿನಲ್ಲಿ ಇದನ್ನು ವಿವರಿಸಬೇಕಿಲ್ಲ.

ಇವು ಮೂರೂ ಇದ್ದು, ತಿಂಗಳಿಗೆ ಹಲವು ಮದುವೆಗಳ ಕೆಲಸ ಬರುತ್ತಿದ್ದರೆ ಮೂರು ಚೆಂಡಿನ ಸಣ್ಣ ಪ್ಯಾನಲ್ ಸಾಕು. ಕಾಂಟ್ರಾಸ್ಟ್, ಪಿವಟ್ (ಕಾಂಟ್ರಾಸ್ಟ್‌ನ ನಡುಬಿಂದು), ಸ್ಯಾಚುರೇಶನ್‌ಗೆ (ಬಣ್ಣದ ಗಾಢತೆ) ಬೇರೆ ಬೇರೆ ನಾಬ್ ಇರಲಿ, ಪ್ರತಿ ಚೆಂಡಿಗೂ ಬಣ್ಣವನ್ನೂ ಹೊಳಪನ್ನೂ ಬೇರೆಯಾಗಿ ಸೊನ್ನೆಗೆ ತರುವ ಗುಂಡಿಗಳಿರಲಿ. ವರ್ಷಕ್ಕೆ ಬೆರಳೆಣಿಕೆಯ ಕೆಲಸವಾದರೆ ಮೌಸ್‌ನಲ್ಲೇ ಮಾಡಿ. ಗುಂಪು, ಶೇರ್ಡ್ ನೋಡ್, ರಿಪಲ್ ಎಲ್ಲವೂ ಅಲ್ಲಿಯೂ ಹೀಗೇ ನಡೆಯುತ್ತವೆ. ಅಡೋಬಿಯ ಪ್ರೀಮಿಯರ್ ತಂತ್ರಾಂಶ ಬಳಸುವವರಿಗೆ ಗುಂಪಿನ ಜಾಗದಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ ಇದೆ. ದೃಶ್ಯದ ಉದ್ದಕ್ಕೂ ಅದನ್ನು ಮೇಲೆ ಹಾಸಿ, ಅಲ್ಲಿನ ಬಣ್ಣದ ಸಲಕರಣೆಯಾದ ಲುಮೆಟ್ರಿಯಲ್ಲಿ ಬಣ್ಣ ಹಾಕಿದರೆ ಕೆಳಗಿನ ಕ್ಲಿಪ್‌ಗಳೆಲ್ಲ ಬದಲಾಗುತ್ತವೆ. ಕ್ಲಿಪ್‌ಗಳನ್ನು ಹಿಂದೆ ಮುಂದೆ ಸರಿಸಿದಾಗ ಲೇಯರ್ ಅವುಗಳ ಜೊತೆ ಸರಿಯದೆ ಉಳಿಯಬಹುದು ಎಂಬುದೊಂದು ಕಿರಿಕಿರಿ. ಎಡಿಟ್ ಪೂರ್ತಿ ಮುಗಿದ ಮೇಲೆ ಹಾಕಿದರೆ ಅದೂ ತಪ್ಪುತ್ತದೆ.

ಪ್ಯಾನಲ್ ಬಂದ ಮೊದಲ ವಾರ ಮೌಸ್‌ಗಿಂತ ನಿಧಾನವಾಗುತ್ತದೆ, ಬೆರಳು ಗುಂಡಿ ಹುಡುಕುತ್ತಿರುತ್ತದೆ. ಆ ವಾರ ಗಡುವಿನ ಕೆಲಸ ಹಿಡಿಯಬೇಡಿ, ಹಳೆಯ ಯಾವುದಾದರೂ ಪ್ರಾಜೆಕ್ಟ್‌ನ ನಕಲು ತೆಗೆದು ಅದರ ಮೇಲೆ ಕೈ ಪಳಗಿಸಿ. ಚೆಂಡು ಬಹಳ ಸೂಕ್ಷ್ಮ. ಫೈಲ್ ಇಡಲು ಬಂದವರ ಶರ್ಟಿನ ತೋಳು ತಗುಲಿದರೂ ಉರುಳುತ್ತದೆ, ಗುಂಪಿನ ನೆಲೆಯಲ್ಲಿದ್ದರೆ ಐವತ್ತು ಕ್ಲಿಪ್‌ಗಳು ಅದರ ಜೊತೆ ಉರುಳುತ್ತವೆ. ಎದ್ದು ಹೋಗುವ ಮುನ್ನ ಪ್ರಾಜೆಕ್ಟ್ ಉಳಿಸಿ, ಎಡಿಟ್ ಪುಟಕ್ಕೆ ಬದಲಿಸಿ ಹೋಗಿ. ಮರಳಿ ಬಂದಾಗ ಲೈಟ್‌ಬಾಕ್ಸ್ ತೆರೆದು ಎಲ್ಲ ಕ್ಲಿಪ್‌ಗಳನ್ನೂ ಪುಟ್ಟ ಚೌಕಗಳಾಗಿ ಒಮ್ಮೆ ನೋಡಿ. ಸಾಲಿನಲ್ಲಿ ಯಾವುದೋ ಒಂದು ಚೌಕ ಬೇರೆಯಾಗಿ ಕಂಡರೆ ಆ ಕ್ಲಿಪ್ ತೆರೆಯಿರಿ, ಇಡೀ ಸಾಲೇ ಬೇರೆಯಾಗಿ ಕಂಡರೆ ಗುಂಪು ತೆರೆಯಿರಿ.